ಅರ್ಧ ಅಪ್ಪ, ಅರ್ಧ ಅವ್ವ

ಗಂಡನ ಕಿಡ್ನಿಯನ್ನು ಹೆಂಡತಿಯ ಮೈ ಒಪ್ಪುತ್ತದೆಯೇ ಎಂದು ನೋಡುವ ಪರೀಕ್ಷೆ ಸರಳವಾದದ್ದು. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಯ ಸೀರಮ್ಮಿನಲ್ಲಿ, ಎಂದರೆ ರಕ್ತದ ತಿಳಿಯಲ್ಲಿ, ಬಿಟ್ಟು ಕಾಯಬೇಕು, ಅಷ್ಟೇ. ಧಾರವಾಡದ ಹೊರಗೆ, ನವಲೂರಿನ ಪೇರಲ ತೋಟಗಳ ಅಂಚಿಗೆ ಹೊಸದಾಗಿ ಎದ್ದಿದ್ದ ಅಂಗಾಂಗ ಕಸಿ ಸಂಶೋಧನಾ ಕೇಂದ್ರದಲ್ಲಿ ಡಾ. ತಬಸ್ಸುಮ್ ಸವಣೂರ ಇಂಥ ಪರೀಕ್ಷೆಗಳನ್ನು ದಿನಾಲೂ ಮಾಡುತ್ತಿದ್ದಳು. ಆದರೆ ಆ ಬೆಳಿಗ್ಗೆ ಪರದೆಯ ಮೇಲೆ ಕಂಡದ್ದನ್ನು ನಂಬದೆ ಇನ್ನೊಮ್ಮೆ ಮಾಡಿ ನೋಡಿದಳು. ಫಕ್ಕೀರೇಶ ಬನ್ನಿಕೊಪ್ಪ ಎಂಬವನ ಕಣಗಳು ಅವನ ಹೆಂಡತಿ ನೇತ್ರಾವತಿಯ ಸೀರಮ್ ತಾಗಿದ್ದೇ ತಡ, ಒಂದರ ಹಿಂದೊಂದು ಒಡೆದುಹೋದವು. ಪರಿಚಯವೇ ಇಲ್ಲದ ರಕ್ತ ಇಷ್ಟು ಬೇಗ ಸಿಟ್ಟಾಗುವುದಿಲ್ಲ. ಹಿಂದೆ ಎಂದೋ ಭೇಟಿಯಾಗಿ ನೆನಪಿಟ್ಟುಕೊಂಡ ರಕ್ತ ಮಾತ್ರ ಹೀಗೆ ಮಾಡುತ್ತದೆ.

ಹೊರಗೆ ಕಾರಿಡಾರಿನಲ್ಲಿ ಫಕ್ಕೀರೇಶನ ಧ್ವನಿ ಕೇಳುತ್ತಿತ್ತು. ಅವನದು ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಸಭೆಗಳಿಗೆಲ್ಲ ಜನ ಕಿವಿಯಲ್ಲೊಂದು ಗುಂಡಿ ಸಿಕ್ಕಿಸಿಕೊಂಡು ಬರುವ ಕಾಲ ಬಂದಮೇಲೆ ಲೌಡ್‌ಸ್ಪೀಕರ್ ಕೇಳುವವರೇ ಕಡಿಮೆಯಾಗಿದ್ದರು. ಆದರೂ ಆಟದ ಮೈದಾನದ ಕಾಮೆಂಟರಿಗೆ ಮಾತ್ರ ಫಕ್ಕೀರೇಶನೇ ಬೇಕಾಗಿತ್ತು. ಮೂವತ್ತು ವರ್ಷದ ಹಿಂದೆ ಒಂದು ಖೋ ಖೋ ಪಂದ್ಯದಲ್ಲಿ, ಎದುರಾಳಿಗಳನ್ನು ಕಂಬ ಸುತ್ತಿಸಿ ಸುಸ್ತು ಮಾಡುತ್ತಿದ್ದ ನೇತ್ರಾವತಿ ಎಂಬ ಹುಡುಗಿಯನ್ನು ಅವನು ಮೈಕಿನಲ್ಲಿ ಎಷ್ಟು ಹೊಗಳಿದ್ದನೆಂದರೆ, ಆಟ ಮುಗಿದ ಮೇಲೆ ಅವಳೇ ಬಂದು, "ಉಳದ ಹುಡುಗ್ಯಾರು ಆಡ್ಲಿಲ್ಲೇನು? ಅವರ ಹೆಸರೂ ಹೇಳ್ರಿ," ಎಂದು ಬೈದಿದ್ದಳು. ಮದುವೆಯಾಗಿದ್ದು ಹಾಗೆ. ಈಗ ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಖೋ ಖೋ ಕಲಿಸುವ ಟೀಚರು. ಎರಡೂ ಕಿಡ್ನಿ ಸೋತಿದ್ದವು. ಊಟದ ಡಬ್ಬಿಯಷ್ಟು ದೊಡ್ಡದಾದ ಡಯಾಲಿಸಿಸ್ ಯಂತ್ರವೊಂದು ಅವಳ ಜೊತೆಯೇ ಓಡಾಡುತ್ತಿತ್ತು. ಹಂದಿಯ ಕಿಡ್ನಿ ಹಾಕುವ ಪದ್ಧತಿ ಆಗ ಬಂದಿತ್ತಾದರೂ, ಅವಳ ರಕ್ತ ಅದನ್ನೂ ಬೇಡವೆಂದಿತ್ತು.

ತಬಸ್ಸುಮ್ ಇಬ್ಬರನ್ನೂ ಒಳಗೆ ಕರೆದು ಕೂರಿಸಿದಳು.

"ಡಾಕ್ಟರ್ ಬಾಯಾರ, ನನ್ನವು ಎರಡು ಅದಾವ್ರಿ," ಎಂದ ಫಕ್ಕೀರೇಶ ಕೂರುವ ಮೊದಲೇ. "ಒಂದು ಸುಮ್ನ ಕುಂತೈತಿ. ಅದನ್ನ ತಗೊಂಡು ಈಕಿಗೆ ಹಾಕ್ರಿ. ನಾಳೆ ಅಂದ್ರ ನಾಳೆ..."

"ಸರ್, ಒಂದ್ ನಿಮಿಷ. ಅಕ್ಕಾರ, ನಿಮಗ ಎಂದರ ಬ್ಯಾರೆಯವರ ರಕ್ತ ಹಾಕಿದ್ರೇನು?"

"ಇಲ್ಲ."

"ಬಸಿರು?"

ನೇತ್ರಾವತಿ ತನ್ನ ಯಂತ್ರದ ಪಟ್ಟಿಯನ್ನು ಸರಿಮಾಡಿಕೊಂಡು ಹೇಳಿದಳು: "ಒಂದ್ ಸಲ. ಇಪ್ಪತ್ತಾರು ವರ್ಷ ಆತು. ಎಂಟು ತಿಂಗಳಿಗೆ ಹೋತು. ಗಂಡು ಕೂಸು."

ತಬಸ್ಸುಮ್‌ಗೆ ಪರದೆಯ ಮೇಲಿನ ಸಿಟ್ಟಿನ ಅರ್ಥ ಆಯಿತು. ಅವಳು ಮೇಜಿನ ಮೇಲಿದ್ದ ಚಹಾದ ಬಟ್ಟಲನ್ನು ಮುಂದೆ ಎಳೆದುಕೊಂಡಳು.

"ನಮ್ಮ ಮೈಯಾಗಿನ ಒಂದೊಂದು ಕೋಶಾನೂ ಒಂದೊಂದು ಮನಿ ಅನ್ಕೋರಿ. ಪ್ರತಿ ಮನಿಯವರೂ ಒಳಗ ಏನ್ ಅಡಿಗಿ ಆಗ್ಯಾದ ಅಂತ ಒಂದು ತುತ್ತು ಬಟ್ಟಲದಾಗ ಹಾಕಿ ಬಾಗಿಲಿಗೆ ಇಡ್ತಾರ. ಆ ಬಟ್ಟಲಾನ ಒಂದು ಪ್ರೋಟೀನು. ಕಾವಲಿನ ಕೋಶ ತಿರಗ್ಯಾಡ್ಕೋತ ಬಂದು ತುತ್ತೂ ಮುಟ್ಟಿ ನೋಡ್ತಾವ, ಬಟ್ಟಲಾನೂ ಮುಟ್ಟಿ ನೋಡ್ತಾವ. ತುತ್ತಿನಾಗ ರೋಗಾಣು ಸಿಕ್ರ ಆ ಮನಿ ಕೆಡುವತಾವ. ಬಟ್ಟಲಾನ ಬ್ಯಾರೆ ಆಕಾರದ್ದು ಇದ್ರೂ ಕೆಡುವತಾವ."

"ನನ್ನ ಬಟ್ಟಲಾ ಬ್ಯಾರೆ, ಇವರ ಬಟ್ಟಲಾ ಬ್ಯಾರೆ."

"ಹೌದ್ರಿ. ಎಲ್ಲಾರವೂ ಅರ್ಧ ಅಪ್ಪನ ಕಡೀವು, ಅರ್ಧ ಅವ್ವನ ಕಡೀವು. ನಿಮ್ಮ ಕೂಸಿನ ಮೈಮ್ಯಾಲೆ ಅರ್ಧ ಸರ್ ಅವರ ಬಟ್ಟಲಾ ಇದ್ದವು. ಹೆರಿಗಿ ಹೊತ್ತಿನಾಗ ಅದರ ರಕ್ತ ನಿಮ್ಮ ರಕ್ತದಾಗ ಸೇರಿತು. ನಿಮ್ಮ ಕಾವಲಿನವರು ಅವನ್ನ ನೋಡಿ ನೆನಪ ಇಟ್ಗೊಂಡಾರ. ಈಗ ಸರ್ ಅವರ ಕಿಡ್ನಿ ಹಾಕಿದ್ರ ಅದ ನೆನಪಿನಿಂದ ಎದ್ದು ಬರ್ತಾರ."

ಆಮೇಲೆ ಅವಳು ಧೈರ್ಯದ ಮಾತು ಹೇಳಿದಳು. ಇಂಥವರಿಗೆಂದೇ ಒಂದು ಚಿಕಿತ್ಸೆ ಬಂದಿದೆ. ಗಂಡನ ಬಟ್ಟಲಿನ ಆಕಾರವನ್ನೇ ಪ್ರಯೋಗಾಲಯದಲ್ಲಿ ಮಾಡಿ, ಅದಕ್ಕೆ ವಿಷ ಸವರಿ ರಕ್ತಕ್ಕೆ ಬಿಡುತ್ತಾರೆ. ಆ ಆಕಾರವನ್ನು ನೆನಪಿಟ್ಟುಕೊಂಡ ಕೋಶಗಳು ಮಾತ್ರ ಬಂದು ಹಿಡಿದುಕೊಂಡು ಸಾಯುತ್ತವೆ. ಉಳಿದ ರೋಗನಿರೋಧಕ ಶಕ್ತಿಗೆ ಏನೂ ಆಗುವುದಿಲ್ಲ. ಜನ ಅದನ್ನು ನೆನಪು ತೊಳೆಯುವುದು ಎನ್ನುತ್ತಿದ್ದರು. ಎಷ್ಟೋ ಮಂದಿಗೆ ಮಾಡಿಯಾಗಿತ್ತು.

"ಆತಲ್ಲ ಹಂಗಾರ!" ಎಂದು ಫಕ್ಕೀರೇಶ ಎದ್ದೇ ನಿಂತ. "ತೊಳೀರಿ. ಎಂದು ಬರೋಣು?"

ನೇತ್ರಾವತಿ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದಳು.

*

ಮನೆಗೆ ಬಂದು, ಚಹಾ ಕುಡಿದು, ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕೂತ ಮೇಲೆ ಅವಳು ಹೇಳಿದಳು: "ನನಗ ಆ ತೊಳಿಯೋದು ಬ್ಯಾಡ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ."

ಫಕ್ಕೀರೇಶ ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಆಮೇಲೆ ಮೈಕು ಹಿಡಿದವರ ಹಾಗೆ ಗಂಟಲು ಏರಿಸಿದ. ಇಷ್ಟು ವರ್ಷ ಹುಡುಗಿಯರಿಗೆ ಸೋಲಬೇಡಿ ಎಂದು ಹೇಳಿದವಳು ಈಗ ತಾನೇ ಕೂತುಬಿಟ್ಟರೆ ಹೇಗೆ ಎಂದ. ತಾನು ಒಬ್ಬನೇ ಈ ಮನೆಯಲ್ಲಿ ಗೋಡೆಗೆ ಕಾಮೆಂಟರಿ ಹೇಳುತ್ತ ಕೂರಬೇಕೇನು ಎಂದ. ಅವಳು ಎಲ್ಲ ಕೇಳಿಸಿಕೊಂಡಳು.

"ನಿಮ್ಮವ್ವ ನನಗ ಕೂಸಿನ ಮುಖಾ ತೋರಸಲಿಲ್ಲ," ಎಂದಳು ಕೊನೆಗೆ. "ನೋಡಿದ್ರ ಮುಂದ ಹಡಿಯೂದಿಲ್ಲ ಅಂದ್ರು. ನೋಡದಿದ್ರೂ ಹಡೀಲಿಲ್ಲ. ಒಂದು ಫೋಟೋ ಇಲ್ಲ, ತಲಿಗೆ ಕಟ್ಟೂ ಒಂದು ಕುಂಚಗಿ ಇಲ್ಲ. ಆ ಡಾಕ್ಟರಾಕಿ ಇವತ್ತ ಹೇಳಿದ್ಲು, ಅವನ್ನ ನನ್ನ ರಕ್ತ ನೆನಪ ಇಟ್ಟೈತಿ ಅಂತ. ಅದೊಂದನ್ನೂ ತೊಳಕೋ ಅಂತೀರೇನು?"

ಲೋಕದ ಎಲ್ಲ ವಿಷಯವನ್ನೂ ಮಾತಾಡಿ ಮುಗಿಸಿದ ಫಕ್ಕೀರೇಶ, ಈ ಒಂದು ವಿಷಯವನ್ನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಅಲ್ಲಿ ಹಳೆಯ ಹಾರ್ನುಗಳ ನಡುವೆ ಸುಮ್ಮನೆ ಕೂತಿದ್ದು, ಕತ್ತಲಾಗುವ ಮೊದಲು ಬದನೆಕಾಯಿ ಕೊಂಡುಕೊಂಡು ಬಂದು, ತಾನೇ ಎಣಗಾಯಿ ಮಾಡಿ, ಅವಳಿಗೆ ಉಪ್ಪಿಲ್ಲದ್ದನ್ನು ಬೇರೆ ತೆಗೆದಿಟ್ಟ.

ಮರುದಿನ ಒಬ್ಬನೇ ನವಲೂರಿಗೆ ಬಂದ.

"ಆಕಿ ಹೇಳೋದು ಖರೇ ಏನ್ರಿ?" ಎಂದು ಕೇಳಿದ. "ಆಕಿ ಮೈಯಾಗ ಆ ಕೂಸಿನ ನೆನಪು ಐತೇನು?"

ತಬಸ್ಸುಮ್ ಸುಳ್ಳು ಹೇಳುವವಳಲ್ಲ. "ಐತ್ರಿ. ಆದ್ರ ಅದು ಪ್ರೀತಿಯ ನೆನಪಲ್ಲ. ಕಳ್ಳನ ಮುಖ ನೆನಪ ಇಟ್ಗೊಳ್ತಾರಲ್ಲ, ಹಂಗ. ಅದನ್ನ ಇಟ್ಗೊಂಡು ಅಕ್ಕಾರಿಗೆ ಏನೂ ಉಪಯೋಗ ಇಲ್ಲ. ನೀವು ತಿಳಿಸಿ ಹೇಳ್ರಿ."

"ಕಳ್ಳ ಅಂತ ತಿಳಕೊಂಡಿದ್ರ ಎಂಟು ತಿಂಗಳ ಹೆಂಗ ಇಟ್ಗೊಂಡ್ಲು?" ಎಂದ ಫಕ್ಕೀರೇಶ. ವಾದ ಮಾಡಬೇಕೆಂದಲ್ಲ, ತಿಳಿಯದೆ ಕೇಳಿದ.

ಅವನು ಹೋದ ಮೇಲೂ ಆ ಪ್ರಶ್ನೆ ತಬಸ್ಸುಮ್‌ಳ ತಲೆಯಿಂದ ಹೋಗಲಿಲ್ಲ. ಉತ್ತರ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಪಾಠದಲ್ಲಿ ಓದಿದ್ದೇ. ಬಸಿರಿನಲ್ಲಿ ತಾಯಿಯ ಮೈ ಸಮಾಧಾನದ ಕೋಶಗಳನ್ನು ಹುಟ್ಟಿಸುತ್ತದೆ. ಅವು ಕೂಸಿನ ಅರ್ಧ ಪರಕೀಯ ಬಟ್ಟಲುಗಳ ಪಕ್ಕ ನಿಂತು, ಕೆಡವಲು ಬಂದ ಕಾವಲುಗಾರರನ್ನು ತಣ್ಣಗೆ ಮಾಡಿ ಕಳಿಸುತ್ತವೆ. ಹೆರಿಗೆಯ ನಂತರ ಅವುಗಳಲ್ಲಿ ಹೆಚ್ಚಿನವು ಕರಗಿಹೋಗುತ್ತವೆ. ಎಲ್ಲವೂ ಅಲ್ಲ. ಇನ್ನೊಂದು ಸಂಗತಿಯೂ ಇತ್ತು: ಹೊಟ್ಟೆಯಲ್ಲಿರುವಾಗ ಕೂಸಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ದಾಟಿ, ಎಲುಬಿನ ಮಜ್ಜೆಯಲ್ಲೋ ಇನ್ನೆಲ್ಲೋ ಸೇರಿಕೊಂಡು ದಶಕಗಟ್ಟಲೆ ಬದುಕುವುದುಂಟು. ಕೂಸಿನ ಕೋಶ ಇನ್ನೂ ಬದುಕಿದ್ದರೆ ಅದನ್ನು ಯಾರೋ ಕಾಯುತ್ತಿದ್ದಾರೆಂದೇ ಅರ್ಥ. ಕಾಯುತ್ತಿರುವವರನ್ನು ಹಿಡಿದು ಬೆಳೆಸಿದರೆ?

ನೇತ್ರಾವತಿಯ ಸೊಂಟದ ಎಲುಬಿನಿಂದ ಪರೀಕ್ಷೆಗೆಂದು ಮೊದಲೇ ತೆಗೆದಿಟ್ಟ ಮಜ್ಜೆಯ ಮಾದರಿ ಶೀತಕಪಾಟಿನಲ್ಲಿತ್ತು. ತಬಸ್ಸುಮ್‌ಳ ತಂಡ ಕಟ್ಟಿದ ಒಂದು ಯಂತ್ರವಿತ್ತು. ಅವರು ಅದನ್ನು ಜರಡಿ ಎನ್ನುತ್ತಿದ್ದರು. ಹೊಳೆಯುವ ಕೃತಕ ಬಟ್ಟಲುಗಳನ್ನು ಬಿಟ್ಟು, ಆ ಆಕಾರವನ್ನು ಹಿಡಿಯಬಲ್ಲ ಒಂದೇ ಒಂದು ಕೋಶವನ್ನು ಕೋಟಿಯ ನಡುವಿನಿಂದ ಹೆಕ್ಕಿ ತೆಗೆಯುವುದು ಅದರ ಕೆಲಸ. ಅವಳು ಫೋನ್ ಮಾಡಿ ನೇತ್ರಾವತಿಯ ಒಪ್ಪಿಗೆ ಕೇಳಿದಳು. "ನೋಡ್ರಿ, ನೋಡಾಕ ಏನ್," ಎಂದಳು ಅವಳು. ಜರಡಿ ಮೂರು ದಿನ ಓಡಿತು.

ಮೂರನೆಯ ದಿನ ಮಧ್ಯಾಹ್ನ ಪರದೆಯ ಮೇಲೆ, ಹೆಂಗಸಿನ ಮಜ್ಜೆಯಲ್ಲಿ ಇರಬಾರದ ಕೆಲವು ಕೋಶಗಳು ಕಂಡವು. ಗಂಡಿನ ವರ್ಣತಂತುವಿರುವ ಕೋಶಗಳು. ಅವುಗಳ ಮೇಲೆ ಅರ್ಧ ಬಟ್ಟಲು ನೇತ್ರಾವತಿಯವು, ಅರ್ಧ ಫಕ್ಕೀರೇಶನವು. ಅದೇ ಮಾದರಿಯಲ್ಲಿ, ಫಕ್ಕೀರೇಶನ ಬಟ್ಟಲನ್ನು ಗುರುತಿಸಿಯೂ ಶಾಂತವಾಗಿರುವ ಬೇರೆ ಕೋಶಗಳು. ತಬಸ್ಸುಮ್ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಶಸ್ತ್ರವೈದ್ಯ ಡಾ. ಜಯಪಾಲ ಉಪಾಧ್ಯೆ ಎಲ್ಲ ನೋಡಿ ಕನ್ನಡಕ ತೆಗೆದರು. "ತಂಗಿ, ಛಲೋ ಕಂಡುಹಿಡಿದೀಯ. ಆದ್ರ ಹಳೇ ಸಿಟ್ಟು ಅಲ್ಲೇ ಐತಲ್ಲ? ತೊಳದು ಹಾಕೋದು ಗೊತ್ತಿದ್ದ ಹಾದಿ. ಇದು ಯಾರೂ ಹೋಗದ ಹಾದಿ."

"ತೊಳದ್ರ ಇವೂ ಹೋಗ್ತಾವ ಸರ್. ಆ ವಿಷ ಸಿಟ್ಟಿನವರು ಯಾರು, ಸಮಾಧಾನದವರು ಯಾರು ಅಂತ ನೋಡೂದಿಲ್ಲ. ಆಮ್ಯಾಲೆ ಕೂಸಿನ ಕೋಶಕ್ಕ ಕಾಯಾವರು ಇರೂದಿಲ್ಲ. ಹೊಸ ಕಾವಲಿನವು ಬಂದು ಒಂದೊಂದ ಕೆಡುವಿ ಬಿಡ್ತಾವ."

"ಹೇಳಿದೇನು ಅವರಿಗೆ?"

"ಇಲ್ಲ. ಹೋಗಿ ಹೇಳ್ತೀನಿ."

*

ನೇತ್ರಾವತಿ ಮೈದಾನದ ಬದಿಯ ಕುರ್ಚಿಯಲ್ಲಿ ಕೂತು, ಸಾಲಿನಲ್ಲಿ ಕೂತ ಹುಡುಗಿಯರಿಗೆ ಕೂಗುತ್ತಿದ್ದಳು. "ಬೆನ್ನ ಮುಟ್ಟೇ! ಮುಟ್ಟದ ಖೋ ಕೊಟ್ರ ಆಗೂದಿಲ್ಲ!" ತಬಸ್ಸುಮ್ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತಳು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಗಿತ್ತು.

"ಅಕ್ಕಾರ, ನಿಮ್ಮ ಮಗನ ಕೋಶ ಸಿಕ್ಕಾವ್ರಿ."

"ಎಲ್ಲಿ?"

"ನಿಮ್ಮ ಎಲಬಿನಾಗ. ಜೀವಂತ ಅದಾವು."

ನೇತ್ರಾವತಿ ಹುಡುಗಿಯರ ಕಡೆಗೇ ನೋಡುತ್ತಿದ್ದಳು. ಒಬ್ಬಳು ಜಾರಿಬಿದ್ದು ಎದ್ದು ಮಂಡಿ ಒರೆಸಿಕೊಂಡಳು. ಆಟ ಮುಂದುವರಿಯಿತು.

"ಎಷ್ಟು ವರ್ಷದಿಂದ?"

"ಅವತ್ತಿನಿಂದ."

"ನನಗ ಗೊತ್ತಿಲ್ಲದ?"

"ಯಾರಿಗೂ ಗೊತ್ತಾಗೂದಿಲ್ರಿ. ಭಾಳ ಸ್ವಲ್ಪ ಅದಾವು. ಆದ್ರ ನಿಮ್ಮ ಮೈ ಅವನ್ನ ಕಾಯ್ಕೋತ ಬಂದೈತಿ. ನಾ ಸರ್ ಅವರಿಗೆ ಕಳ್ಳನ ನೆನಪು ಅಂತ ಹೇಳಿದ್ದೆ. ಅದು ಅರ್ಧ ಮಾತು ಆಗಿತ್ತು."

ನೇತ್ರಾವತಿ ಸೆರಗಿನಿಂದ ಮುಖ ಒತ್ತಿಕೊಂಡಳು. "ಆ ಹುಡುಗ್ಯಾರು ನೋಡಾಕತ್ತಾರ. ಏನರ ಮಾತಾಡು," ಎಂದಳು. ಬಹುವಚನ ಬಿಟ್ಟುಹೋಗಿತ್ತು.

ತಬಸ್ಸುಮ್ ಮಾತಾಡಿದಳು. ಆ ಸಮಾಧಾನದ ಕೋಶಗಳನ್ನು ಹೆಕ್ಕಿ, ಪ್ರಯೋಗಾಲಯದಲ್ಲಿ ಲಕ್ಷಗಟ್ಟಲೆ ಬೆಳೆಸಿ, ವಾಪಸು ಕೊಡಬಹುದು. ಮಗನನ್ನು ಕಾಯುವವು ಅವನ ಅಪ್ಪನ ಕಿಡ್ನಿಯನ್ನೂ ಕಾಯಬಹುದು. ಆದರೆ ಒಂದು ತೊಡಕಿದೆ. ಮಗನಿಗೆ ಹೋದದ್ದು ಅಪ್ಪನ ಅರ್ಧ ಬಟ್ಟಲು ಮಾತ್ರ. ಇನ್ನರ್ಧ ಇವಳ ಮೈಗೆ ಹೊಸದು. ಸಮಾಧಾನದ ಕೋಶ ಪಕ್ಕದಲ್ಲಿ ನಿಂತರೆ ಹೊಸದರ ಮೇಲೆ ಏರಿಬರುವವರೂ ತಣ್ಣಗಾಗುತ್ತಾರೆಂದು ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಯಾರೂ ನೋಡಿಲ್ಲ. ಆಗದಿದ್ದರೆ ಫಕ್ಕೀರೇಶನ ಕಿಡ್ನಿ ಹಾಳು. ಇಲ್ಲವೇ ನಡುವೆಯೇ ನೆನಪು ತೊಳೆಯಬೇಕು, ಆಗ ಮಗನ ಕೋಶಗಳೂ ಹೋಗುತ್ತವೆ.

"ಇವರನ್ನ ಕೇಳಬೇಕು," ಎಂದಳು ನೇತ್ರಾವತಿ. "ಇವರ ಕಿಡ್ನಿ ಅಲಾ?"

ಅವತ್ತು ಸಂಜೆ ಅಡುಗೆಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಗಂಡನಿಗೆ ಅವಳು ಎಲ್ಲ ಹೇಳಿದಳು. ಅವನು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆಯನ್ನು ಕಾಳಿನ ಬುಟ್ಟಿಗೆ, ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕುತ್ತಿದ್ದ.

"ರೀ," ಎಂದಳು ಅವಳು. "ಹೆಂಗಿದ್ದ?"

ಅವನಿಗೆ ಯಾರ ಬಗ್ಗೆ ಎಂದು ಕೇಳಬೇಕಾಗಲಿಲ್ಲ.

"ತಲೀತುಂಬ ಕೂದಲಿತ್ತು," ಎಂದ. ಧ್ವನಿ ಅವನದಲ್ಲದ ಹಾಗಿತ್ತು. "ಅಷ್ಟ ಸಣ್ಣ ಕೂಸಿಗೆ ಅಷ್ಟ ಕೂದಲು ನಾ ಕಂಡಿದ್ದಿಲ್ಲ. ಕಿವಿ ನಿನ್ನವು. ಎಡಗಾಲ ಹೆಬ್ಬಟ್ಟು ಹೊರಗ ತಿರಗಿತ್ತು, ನನ್ನಂಗ. ನರ್ಸಬಾಯಿ ಬಿಳಿ ಅರಿವಿಯಾಗ ಸುತ್ತಿಕೊಟ್ಲು. ಊರಿಗೆ ಒಯ್ಯಬೇಕು ಅಂದ್ಲು ಅವ್ವ. ನಮ್ಮ ಟೆಂಪೋದಾಗ ಮೈಕ್ ಸೆಟ್ ತುಂಬಿತ್ತು, ಇಳಿಸಾಕ ಹೊತ್ತಿಲ್ಲ. ಕಾಕಾ ಗಾಡಿ ಹೊಡದ. ನಾ ಮುಂದ ಕುಂತು ತೊಡಿಮ್ಯಾಲ ಹಾಕ್ಕೊಂಡೆ."

"ಅತ್ತ್ರಿ ಏನು?"

"ಇಲ್ಲ. ಮಾತಾಡಿದೆ." ಅವನು ಬುಟ್ಟಿ ಕೆಳಗಿಟ್ಟ. "ಹುಬ್ಬಳ್ಳಿ ದಾಟಿದಮ್ಯಾಲೆ ಶುರು ಮಾಡಿದೆ. ಇದು ಅಣ್ಣಿಗೇರಿ ನೋಡೋ, ಇದು ಹುಲಕೋಟಿ, ಇಲ್ಲಿ ಸೂರ್ಯಕಾಂತಿ ಹೂ ಬಿಟ್ಟಾವ, ಇದು ಗದಗ, ಇಲ್ಲಿ ನಿಮ್ಮವ್ವ ಒಂದ್ ಮ್ಯಾಚ್ ಆಡಿ ಗೆದ್ದಾಳ. ಊರು ಬರೂತನಕ ಬಿಡದ ಹೇಳಿದೆ. ಕಾಕಾ ನನಗ ತಲಿ ಕೆಟ್ಟೈತಿ ಅನ್ಕೊಂಡ. ನಮ್ಮ ಹೊಲದ ಬದುವಿನಾಗ ಇಟ್ವಿ. ವಾಪಸ್ ಬಂದು ನಿನ್ನ ಮುಂದ ಬಾಯಿ ತೆಗದ್ರ ನೀ ಸತ್ತ ಹೋಗ್ತಿ ಅಂತ ಅವ್ವ ಆಣಿ ಹಾಕಿದ್ಲು. ನಾ ನಂಬಿದೆ ನೋಡು."

ನೇತ್ರಾವತಿ ಎದ್ದು ಬಂದು ಅವನ ಪಕ್ಕ ನೆಲದ ಮೇಲೆ ಕೂತಳು. ಇಬ್ಬರೂ ಅತ್ತರು; ಅಳುವಾಗ ಅವಳ ಯಂತ್ರ ಏನೋ ಹೆಚ್ಚುಕಡಿಮೆಯಾಯಿತೆಂದು ಪೀಂ ಎಂದು ಕೂಗಿತು. ಅವನು ಗಾಬರಿಯಾಗಿ ಅದರ ಗುಂಡಿ ಒತ್ತಿದ.

"ಹೊಟ್ಟಿಯಾಗಿದ್ದಾಗ ನಾ ಅವಗ ರನ್ನರ್ ಅಂತಿದ್ದೆ," ಎಂದಳು ಅವಳು. "ಒಂದ್ ಕಡೆ ನಿಲ್ತಿದ್ದಿಲ್ಲ." ಆಮೇಲೆ, "ಇನ್ನೊಮ್ಮೆ ಹೇಳ್ರಿ. ಹುಬ್ಬಳ್ಳಿ ದಾಟಿದಮ್ಯಾಲೆ."

ಅವನು ಇನ್ನೊಮ್ಮೆ ಹೇಳಿದ.

*

ಇಬ್ಬರೂ ನವಲೂರಿಗೆ ಬಂದು ಒಪ್ಪಿಗೆಯ ಸಹಿ ಹಾಕಿದರು. ಸಮಾಧಾನದ ಕೋಶಗಳು ಬೆಳೆಯಲು ಒಂದು ಮಳೆಗಾಲವೇ ಹಿಡಿಯಿತು. ಅವು ಸುಮ್ಮನೆ ಬೆಳೆಯುವ ಜಾತಿಯಲ್ಲ. ಹೆಚ್ಚು ಆಹಾರ ಕೊಟ್ಟರೆ ತಮ್ಮ ಸ್ವಭಾವ ಬಿಟ್ಟು ಕೆಡವುವ ಕೋಶಗಳಾಗುತ್ತಿದ್ದವು, ಕಡಿಮೆ ಕೊಟ್ಟರೆ ಸಾಯುತ್ತಿದ್ದವು. ತಬಸ್ಸುಮ್ ಒಂದು ತಟ್ಟೆ ಪೂರ್ತಿ ಕಳೆದುಕೊಂಡಳು, ಮತ್ತೆ ಶುರು ಮಾಡಿದಳು. ನೇತ್ರಾವತಿ ವಾರಕ್ಕೊಮ್ಮೆ ಬಂದು ಗಾಜಿನ ಆಚೆ ನಿಂತು, "ಉಂಡಾವೇನು?" ಎಂದು ಕೇಳಿ ಹೋಗುತ್ತಿದ್ದಳು.

ಮಳೆ ನಿಂತ ಮೇಲೆ ಕೋಶಗಳನ್ನು ಅವಳ ರಕ್ತಕ್ಕೆ ಬಿಟ್ಟರು. ಕೆಲವು ದಿನ ಬಿಟ್ಟು ಡಾ. ಉಪಾಧ್ಯೆ ಫಕ್ಕೀರೇಶನ ಎಡ ಕಿಡ್ನಿ ತೆಗೆದು ನೇತ್ರಾವತಿಗೆ ಜೋಡಿಸಿದರು. ರಕ್ತ ಹರಿದದ್ದೇ ಕಿಡ್ನಿ ಗುಲಾಬಿಯಾಗಿ, ಅಲ್ಲೇ ಮೂತ್ರ ಹನಿಸಿತು. ಹಳೆಯ ಸಿಟ್ಟು ಎದ್ದಿದ್ದರೆ ಅಷ್ಟರಲ್ಲೇ ಅದು ಕಪ್ಪಾಗಬೇಕಿತ್ತು. ಆಗಲಿಲ್ಲ. ಆಪರೇಷನ್ ಕೋಣೆಯಲ್ಲಿ ನಿಂತಿದ್ದ ತಬಸ್ಸುಮ್‌ಳ ಮಾಸ್ಕು ಒದ್ದೆಯಾಯಿತು.

ಆದರೆ ಮುಂದಿನ ವಾರ ಜ್ವರ ಬಂತು. ಮೂತ್ರ ಕಡಿಮೆಯಾಯಿತು. ಸ್ಕ್ಯಾನಿನಲ್ಲಿ ಕಿಡ್ನಿ ಊದಿಕೊಂಡಿತ್ತು.

ಡಾ. ಉಪಾಧ್ಯೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದ ಹಾಸಿಗೆಯಿಂದ ಫಕ್ಕೀರೇಶ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಬಂದಿದ್ದ.

"ಟೀಚರ್, ಬಯಾಪ್ಸಿ ತಗೊಂಡೀವಿ, ಫಲಿತಾಂಶ ಸಂಜಿಗೆ ಬರ್ತದ. ಆದ್ರ ಹಳೇ ನೆನಪು ಎದ್ದೈತಿ ಅಂತ ಆದ್ರ ಕಾಯಾಕ ಆಗೂದಿಲ್ಲ. ತೊಳಿಯೋ ಔಷಧ ತಯಾರ ಇಟ್ಟೀವಿ. ನೀವು ಹೂಂ ಅಂದ್ರ ಮಾತ್ರ. ನೀವ ಬ್ಯಾಡ ಅಂದಿದ್ರಿ, ಅದು ನನಗ ನೆನಪೈತಿ."

ಫಕ್ಕೀರೇಶ ತಟ್ಟನೆ ಅಂದ: "ಕಿಡ್ನಿ ಹೋದ್ರ ಹೋಗಲಿ ನೇತ್ರಾ. ನೀ ಮನಸಿಲ್ಲದ ಹೂಂ ಅನಬ್ಯಾಡ. ಡಯಾಲಿಸಿಸ್ ಡಬ್ಬಿ ಐತಲ್ಲ, ಹೆಂಗರ ನಡಸೂಣು."

ಜ್ವರದಲ್ಲಿ ಅವಳ ತುಟಿ ಒಣಗಿತ್ತು. "ಕೊಡ್ರಿ ಡಾಕ್ಟ್ರ," ಎಂದಳು. "ಆವಾಗ ನನಗ ಅವನ ಬಗ್ಗೆ ಏನೂ ಗೊತ್ತಿದ್ದಿಲ್ಲ, ಅದಕ್ಕ ಬ್ಯಾಡ ಅಂದೆ. ಈಗ ಅವನ ಕೂದಲು ಗೊತ್ತು, ಕಿವಿ ಗೊತ್ತು, ಅವ ಹೋದ ಹಾದಿ ಗೊತ್ತು. ಅದನ್ನ ಯಾವ ಔಷಧಕ್ಕೂ ತೊಳಿಯಾಕ ಆಗೂದಿಲ್ಲ. ಇವರು ಮೈ ಕೊಯ್ಸಿಕೊಂಡು ಕೊಟ್ಟಿದ್ದು ಹಾಳಾಗೂದು ಬ್ಯಾಡ. ಅವ ಇದ್ದಿದ್ರ ಅವನೂ ಹಂಗ ಅಂತಿದ್ದ."

ಫಕ್ಕೀರೇಶ ಅವಳ ಕಾಲಿನ ಮೇಲೆ ಕೈಯಿಟ್ಟು ನಿಂತ. ಡಾ. ಉಪಾಧ್ಯೆ ಎದ್ದು ಕಿಟಕಿಯ ಕಡೆ ಮುಖ ಮಾಡಿದರು.

ಔಷಧದ ಬಾಟಲಿ ಬಂದು ಹಾಸಿಗೆಯ ಪಕ್ಕದ ಕಂಬಕ್ಕೆ ತೂಗಿತು. ಅದನ್ನು ಜೋಡಿಸುವ ಮೊದಲು ಬಯಾಪ್ಸಿ ನೋಡಿಯೇ ತೀರುತ್ತೇನೆಂದು ತಬಸ್ಸುಮ್ ಪ್ರಯೋಗಾಲಯಕ್ಕೆ ಓಡಿದ್ದಳು. ಕಿಡ್ನಿಯ ಚೂರಿನ ಮೇಲೆ ಅವಳು ಎರಡು ಬಣ್ಣದ ಹೊಳೆಯುವ ಬಟ್ಟಲುಗಳನ್ನು ಬಿಟ್ಟಳು: ಮಗನಿಗೆ ಹೋಗಿದ್ದ ಅರ್ಧದ್ದು ಹಸಿರು, ಹೋಗದಿದ್ದ ಅರ್ಧದ್ದು ಕೆಂಪು. ಚೂರಿನ ತುಂಬ ಕಾವಲಿನ ಕೋಶಗಳು ಮುತ್ತಿದ್ದವು. ಕೆಡವಲು ಬಂದಿದ್ದವೆಲ್ಲ ಕೆಂಪನ್ನು ಹಿಡಿದಿದ್ದವು. ಹಸಿರು ಹಿಡಿದವು ಅಲ್ಲಲ್ಲಿ ಶಾಂತವಾಗಿ ಕೂತಿದ್ದವು.

ಅವಳು ವಾರ್ಡಿಗೆ ಬಂದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಅದನ್ನ ಇಳಸ್ರಿ ಸರ್. ಹಳೇ ನೆನಪು ಎದ್ದಿಲ್ಲ. ಅಕ್ಕಾರ, ನಿಮ್ಮ ಮಗ ಕಲಿಸಿದ ಅರ್ಧಕ್ಕ ಯಾರೂ ಕೈ ಹಚ್ಚಿಲ್ಲ. ಜಗಳ ಇರೋದು ನಿಮ್ಮ ಯಜಮಾನರ ಇನ್ನರ್ಧದ ಜೋಡಿ. ಅದು ಹೊಸಾ ಜಗಳ. ಮಾಮೂಲಿ ಔಷಧಕ್ಕ ಕೇಳ್ತದ."

ನೇತ್ರಾವತಿ ಕಣ್ಣು ಬಿಟ್ಟಳು. "ಇನ್ನರ್ಧ ಅಂದ್ರ? ಇವರಿಗೆ ಅದು ಎಲ್ಲಿಂದ ಬಂದದ್ದು?"

"ಅವರಪ್ಪನ ಕಡಿಯಿಂದರ ಬಂದಿರಬೇಕು, ಅವ್ವನ ಕಡಿಯಿಂದರ ಬಂದಿರಬೇಕು. ಪರೀಕ್ಷೆ ಮಾಡದ ಹೇಳಾಕ ಬರೂದಿಲ್ಲ."

"ನಾ ಪರೀಕ್ಷೆ ಮಾಡದ ಹೇಳ್ತೀನಿ," ಎಂದಳು ನೇತ್ರಾವತಿ. "ಅದು ನಮ್ಮ ಅತ್ತಿಯವರ ಬಟ್ಟಲ. ಜೀವ ಇರೂತನಕ ನನ್ನ ಜೋಡಿ ಒಂದಕ್ಕೂ ಒಪ್ಪಿದಾಕಿ ಅಲ್ಲ."

ತನ್ನ ತಾಯಿಯ ಬಗ್ಗೆ ಯಾರು ಒಂದು ಮಾತು ಆಡಿದರೂ ಸಿಡಿದೇಳುತ್ತಿದ್ದ ಫಕ್ಕೀರೇಶ ಹೊಲಿಗೆ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕ. ನೋವಿಗೆ "ಅಯ್ಯಯ್ಯೋ" ಎನ್ನುತ್ತಲೇ ನಕ್ಕ. ನರ್ಸ್ ಬಂದು ಅವನನ್ನು ಹಾಸಿಗೆಗೆ ಎಳೆದುಕೊಂಡು ಹೋಗಬೇಕಾಯಿತು.

ಜ್ವರ ಇಳಿಯಿತು. ಊತ ಇಳಿಯಿತು. ಹೊಸ ಜಗಳ ತಣಿಯಲು ಕೆಲವು ತಿಂಗಳು ಗುಳಿಗೆ ಬೇಕಾದವು. ಆಮೇಲೆ ಒಂದೊಂದಾಗಿ ಬಿಡಿಸಿದರು. ಸಮಾಧಾನದ ಕೋಶಗಳು ಪಕ್ಕದಲ್ಲಿ ನಿಂತು ನಿಂತು ಆ ಇನ್ನರ್ಧವನ್ನೂ ಒಪ್ಪಿಸಿದವೆಂದು ತಬಸ್ಸುಮ್ ತನ್ನ ವರದಿಯಲ್ಲಿ ಬರೆದಳು. ನೇತ್ರಾವತಿ ಕುರ್ಚಿ ಬಿಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು, ಮೈದಾನದ ಗೆರೆಯ ಗುಂಟ ನಡೆದಾಡತೊಡಗಿದಳು. ಫಕ್ಕೀರೇಶ ಆ ಚಳಿಗಾಲದಲ್ಲಿ ಅವಳನ್ನು ತನ್ನೂರು ಬನ್ನಿಕೊಪ್ಪಕ್ಕೆ ಕರೆದುಕೊಂಡು ಹೋಗಿ ಹೊಲದ ಬದು ತೋರಿಸಿ ಬಂದ.

ಮುಂದಿನ ವರ್ಷ ತಪಾಸಣೆಗೆಂದು ಮತ್ತೆ ಒಂದು ಚೂರು ತೆಗೆದರು. ಕಿಡ್ನಿ ಚೆನ್ನಾಗಿತ್ತು. ಆದರೂ ತಬಸ್ಸುಮ್ ಇಬ್ಬರನ್ನೂ ಕರೆಸಿ, ಪ್ರಯೋಗಾಲಯದ ಒಳಗೇ ಕೂರಿಸಿಕೊಂಡು, ದೊಡ್ಡ ಪರದೆ ಹಾಕಿದಳು.

"ಒಂದು ವಿಷಯ ಐತಿ. ನಾ ಮೂರ್ ಸಲ ಮಾಡಿ ನೋಡೇನಿ, ತಪ್ಪಿಲ್ಲ ಅಂತ ಆದಮ್ಯಾಲ ನಿಮಗ ಹೇಳಾಕತ್ತೇನಿ." ಅವಳು ಪರದೆಯ ಮೇಲೆ ಬೆರಳಿಟ್ಟಳು. ನೇರಳೆ ಬಣ್ಣದ ಸಣ್ಣ ಸಣ್ಣ 'ಮನೆ'ಗಳು ಸಾಲಾಗಿ, ಕೊಳವೆಯ ಹಾಗೆ ಸುತ್ತಿಕೊಂಡಿದ್ದವು. "ಇವೆಲ್ಲಾ ಸರ್ ಅವರ ಕಿಡ್ನಿಯ ಕೋಶ. ಎಲ್ಲಾದರ ಮ್ಯಾಲೂ ಅವರವ ಬಟ್ಟಲಾ. ಈಗ ಈ ಮೂರನ್ನ ನೋಡ್ರಿ. ಇವುಗಳ ಮ್ಯಾಲೆ ಅರ್ಧ ಸರ್ ಅವರವು, ಅರ್ಧ ನಿಮ್ಮವು ಅಕ್ಕಾರ."

ನೇತ್ರಾವತಿ ಎದ್ದು ಪರದೆಯ ಹತ್ತಿರ ಹೋದಳು. "ಅವನಾ?"

"ಅವನ. ಜಗಳದಾಗ ಕಿಡ್ನಿಗೆ ಗಾಯ ಆಗಿತ್ತಲ್ಲ, ನಿಮ್ಮ ಮಜ್ಜಿಯಿಂದ ರಕ್ತದಾಗ ಹರದು ಬಂದು ಅಲ್ಲಿ ಸೇರಿಕೊಂಡಾನ. ಹಿಂಗ ಆಗತದ ಅಂತ ಅಲ್ಲಿ ಇಲ್ಲಿ ಓದಿದ್ದೆ. ಕಣ್ಣಿಲೆ ಕಂಡಿದ್ದಿಲ್ಲ."

ಫಕ್ಕೀರೇಶ ಕುರ್ಚಿಯಿಂದ ಏಳಲಿಲ್ಲ. "ಸುಮ್ನ ಕುಂತಾನೇನ್ರಿ ಅಲ್ಲಿ?" ಎಂದು ಕೇಳಿದ. "ಏನ್ ಮಾಡ್ತಾನ?"

"ಸುಮ್ನ ಕುಂತಿಲ್ರಿ. ಪಕ್ಕದಾಗಿನವು ಏನ್ ಮಾಡ್ತಾವೋ ಅದನ್ನ ಮಾಡಾಕತ್ತಾನ. ರಕ್ತ ಸೋಸಾಕತ್ತಾನ."

ಫಕ್ಕೀರೇಶ ಆ ಮೂರು ನೇರಳೆ ಚುಕ್ಕಿಗಳನ್ನು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣು ಒರೆಸಿಕೊಂಡು, ಪಕ್ಕದ ಮನೆಯವರಿಗೆ ಸಿಹಿ ಹಂಚಲು ಹೊರಟವನ ಮುಖದಲ್ಲಿ ಹೆಂಡತಿಯ ಕಡೆ ತಿರುಗಿದ.

"ಕೇಳಿದೇನ?" ಎಂದ. "ಅಪ್ಪನ ಕೆಲಸಕ್ಕ ಹತ್ತ್ಯಾನ."